ಹಾಸಿಗೆ ಬಾಯಮ್ಮನ ಗಾಡಿ

ಸತ್ತವರನ್ನು ಮರುದಿನವೇ ಒಳ್ಳೆಯವರನ್ನಾಗಿ ಮಾಡಿಬಿಡುವ ಚಟ ನಮ್ಮವರಿಗೆ ಉಂಟು. ಜಿಪುಣ ಮಿತವ್ಯಯಿಯಾಗುತ್ತಾನೆ, ಬಾಯಿಬಡುಕ ಮಾತಿನ ಮಲ್ಲನಾಗುತ್ತಾನೆ, ಜಗಳಗಂಟಿ ನೇರ ನುಡಿಯವಳಾಗುತ್ತಾಳೆ. ಹೋದ ಮಳೆಗಾಲದಲ್ಲಿ ತೀರಿಕೊಂಡ ಕಾಪುವಿನ ಹಾಸಿಗೆ ಬಾಯಮ್ಮನ ವಿಷಯದಲ್ಲೂ ಇದೇ ನಡೆಯುತ್ತಿದೆ. ಇಗರ್ಜಿಯಲ್ಲಿ ಪಾದ್ರಿಗಳು ಅವರನ್ನು ‘ಶಾಂತಮೂರ್ತಿ’ ಎಂದರಂತೆ. ಅದನ್ನು ಕೇಳಿದ್ದರೆ ಬಾಯಮ್ಮ ಪೆಟ್ಟಿಗೆಯೊಳಗಿನಿಂದಲೇ ಎದ್ದು ಕೂತು, “ಯಾರಿಗೆ ಹೇಳುವುದು ನೀವು?” ಎಂದು ಕೇಳುತ್ತಿದ್ದರು. ನಾನು ಮೊದಲೇ ಹೇಳಿಬಿಡುತ್ತೇನೆ: ಬಾಯಮ್ಮ ಜಗಳಗಂಟಿಯೇ. ನಾನೂ ಹಾಗೆಯೇ. ನಮ್ಮಿಬ್ಬರ ಸ್ನೇಹಕ್ಕೆ ಬೇರೆ ಆಧಾರವೇನೂ ಇರಲಿಲ್ಲ.

ಕ್ರೈಸ್ತ ಹೆಂಗಸರನ್ನು ಬಾಯಿ ಎಂದು ಕರೆಯುವುದು ನಮ್ಮ ಕಡೆಯ ಮರ್ಯಾದೆ. ಅವರಿಗೆ ಜ್ಞಾನಸ್ನಾನದಲ್ಲಿ ಇಟ್ಟ ಹೆಸರೊಂದು ಇತ್ತು. ಊರಿಗೆ ಅದರ ಅಗತ್ಯ ಬೀಳಲಿಲ್ಲ. ಗಂಡ ತೀರಿಕೊಂಡ ಮೇಲೆ ಅವರು ಬೂರುಗದ ಹತ್ತಿಯ ಹಾಸಿಗೆ ಹೊಲಿಯುವ ಕೆಲಸ ಶುರುಮಾಡಿದ್ದರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗದ್ದೆ. ಬೇಸಿಗೆಯಲ್ಲಿ ಅವರ ಚಾವಡಿಯಿಂದ ಹತ್ತಿಯ ಎಳೆಗಳು ಹಾರಿಕೊಂಡು ಬಂದು ನಮ್ಮ ಮಜ್ಜಿಗೆಯಲ್ಲಿ ಬೀಳುತ್ತಿದ್ದವು. ಚಾವಡಿಯಲ್ಲಿ ಗಿರಿಜಕ್ಕ ಮತ್ತು ಅವರ ಜೊತೆಯ ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೋಲಿನಿಂದ ಹತ್ತಿ ಬಡಿಯುತ್ತಿದ್ದರು. ಸಂಜೆ ಅವರೆಲ್ಲ ಹುಬ್ಬು ನರೆತವರಂತೆ ಮನೆಗೆ ಹೋಗುವುದನ್ನು ನೋಡಿಯೇ ನಾನು ಬೆಳೆದದ್ದು.

ಬಾಯಮ್ಮ ಮನೆಯಲ್ಲಿ ಕೊಂಕಣಿ, ಕೆಲಸದವರೊಡನೆ ತುಳು, ನನ್ನೊಡನೆ ಮಾತ್ರ ಕನ್ನಡ ಆಡುತ್ತಿದ್ದರು. ಉಡುಪಿಯ ಕಾಲೇಜಿನಲ್ಲಿ ಓದುವವನೆಂಬ ಗೌರವಕ್ಕೋ ಪರಿಹಾಸ್ಯಕ್ಕೋ ತಿಳಿಯದು. ಚರ್ಚಾಸ್ಪರ್ಧೆಯಲ್ಲಿ ನಾನು ಒಂದು ಕಪ್ಪು ಗೆದ್ದು ತಂದ ದಿನದಿಂದ ಅವರಿಗೆ ನಾನು ‘ಲಾಯರು’. ಈಗ ನಾನು ಉಡುಪಿಯಲ್ಲಿ ನಿಜವಾಗಿಯೂ ವಕೀಲರೊಬ್ಬರ ಕೈಕೆಳಗೆ ಇದ್ದೇನೆ. ಆ ಪದವಿಯನ್ನು ಮೊದಲು ಕೊಟ್ಟವರು ಅವರೇ.

ಅವರಿಗೆ ಒಂದು ಅಭ್ಯಾಸ ಇತ್ತು. ಯಾವುದನ್ನೇ ಆದರೂ ಮಲಗಿ ನೋಡದೆ ಅಭಿಪ್ರಾಯ ಹೇಳುತ್ತಿರಲಿಲ್ಲ. ಹಾಸಿಗೆ ಬೇಕೆಂದು ಯಾರಾದರೂ ಕರೆದರೆ ನೇರವಾಗಿ ಅವರ ಮನೆಯ ಒಳಗೆ ಹೋಗಿ, ಚಪ್ಪಲಿ ಬಿಟ್ಟು, ಮಂಚದ ಮೇಲೆ ಉದ್ದಕ್ಕೆ ಮಲಗಿಬಿಡುವರು. ಬಾಯಮ್ಮ ಸಾಮಾನ್ಯ ಎತ್ತರದವರಲ್ಲ; ನಮ್ಮ ಮನೆಯ ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕಿತ್ತು. ಅಂಥ ಹೆಂಗಸು ಪರರ ಮಂಚದ ಮೇಲೆ ಮಲಗಿ, ಮಾಡಿನ ಹಂಚು ನೋಡುತ್ತಾ, “ಇಲ್ಲಿ ಸೊಂಟ ಇಳಿಯುತ್ತದೆ, ನಿಮ್ಮ ಯಜಮಾನರಿಗೆ ಬೆನ್ನು ನೋವು ಉಂಟಲ್ವಾ?” ಎಂದು ಕೇಳುವಾಗ ಮನೆಯವರು ಗಾಬರಿಯಿಂದ ಹೌದು ಎನ್ನುತ್ತಿದ್ದರು. ಮದುವೆಯ ಹಾಸಿಗೆಗೆ ಮಾತ್ರ ಈ ಪರೀಕ್ಷೆ ಇಲ್ಲ. ಮದುಮಕ್ಕಳಿಗಿಂತ ಮೊದಲು ಅದಕ್ಕೆ ಯಾರ ಬೆನ್ನೂ ತಾಗಬಾರದು ಎಂಬುದು ಕ್ರೈಸ್ತರಿಗೂ ನಮಗೂ ಒಂದೇ.

ಇನ್ನೊಂದು ನಿಯಮ ಅವರದೇ ಸ್ವಂತದ್ದು. ಹೊಸ ಹಾಸಿಗೆಯನ್ನು ಮಡಿಸಬಾರದು, ಸುತ್ತಬಾರದು. “ಮಡಿಸಿದ ಕಡೆ ಬೂರುಗ ಮುರಿಯುತ್ತದೆ. ಆಮೇಲೆ ನೀನು ಎಷ್ಟು ತಟ್ಟಿದರೂ ಅದು ಏಳುವುದಿಲ್ಲ. ಹಾಸಿಗೆ ಮನೆಗೆ ಮಲಗಿಕೊಂಡೇ ಹೋಗಬೇಕು.” ಇದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಂಗಳೂರಿನ ಅಂಗಡಿಗಳಲ್ಲಿ ಹಾಸಿಗೆಗಳನ್ನು ಚಾಪೆಯಂತೆ ಸುತ್ತಿ ಕೊಡುವುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೇಳಿದರೆ, “ಅದಕ್ಕೇ ಮಂಗಳೂರಿನವರಿಗೆ ನಿದ್ರೆ ಇಲ್ಲ” ಎಂದು ಮುಗಿಸಿಬಿಡುತ್ತಿದ್ದರು.

ಮಲಗಿಕೊಂಡೇ ಹೋಗಬೇಕಾದ ಹಾಸಿಗೆ ಗದ್ದೆಯ ಹುಣಿಯ, ಅಂದರೆ ಬದುವಿನ ಮೇಲೆ ಹೆಂಗಸರ ತಲೆಯಲ್ಲಿ ರಸ್ತೆಗೆ ಬರುತ್ತಿತ್ತು. ಮುಂದಿನ ಪ್ರಯಾಣ ಬಸ್ಸಿನ ಮೇಲ್ಛಾವಣಿಯಲ್ಲಿ. ಕಂಡಕ್ಟರುಗಳಿಗೂ ಬಾಯಮ್ಮನಿಗೂ ಪ್ರತಿ ಸಲವೂ ಯುದ್ಧ. “ಬಾಯಮ್ಮ, ಇಷ್ಟು ಹಾಸಿಗೆ ಹಾಕಿದರೆ ಬೇರೆಯವರ ಬಾಳೆಗೊನೆ ಎಲ್ಲಿ ಹಾಕುವುದು?” ಎಂದು ಕಂಡಕ್ಟರು ಕೇಳಿದರೆ, “ಬಾಳೆಗೊನೆ ನಿನ್ನ ಮಡಿಲಲ್ಲಿ ಕೂರಿಸಿಕೋ, ಟಿಕೇಟು ಹರಿಯಲಿಕ್ಕೆ ಒಂದು ಕೈ ಸಾಕು” ಎಂದು ಇವರು.

ಆ ಕಾಲದಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಾಲೇಜು ಎದ್ದು, ಎಲ್ಲೆಲ್ಲಿಂದಲೋ ಹುಡುಗರು ಡಾಕ್ಟರಿಕೆ ಓದಲು ಬರತೊಡಗಿದ್ದರು. ಅವರಿಗೆ ಹಾಸ್ಟೆಲು ಬೇಕು, ಹಾಸ್ಟೆಲಿಗೆ ಮಂಚ ಬೇಕು, ಮಂಚಕ್ಕೆ ಹಾಸಿಗೆ ಬೇಕು. ಒಂದು ಹಾಸ್ಟೆಲಿನ ಹಾಸಿಗೆಗಳ ಕೆಲಸ ಬಾಯಮ್ಮನಿಗೆ ಸಿಕ್ಕಿತು. ಕಾಲೇಜು ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟಿಗೇ. ಮೊದಲ ವರ್ಷ ಹಾಸಿಗೆ ಹೇರಿದ ಬಸ್ಸು ಕಟಪಾಡಿ ದಾಟುವುದರೊಳಗೆ ಆಕಾಶ ಹರಿದುಕೊಂಡು ಬಿತ್ತು. ಟಾರ್ಪಾಲು ಗಾಳಿಗೆ ಎದ್ದುಹೋಯಿತು. ನೀರು ಕುಡಿದ ಬೂರುಗ ಗಂಟುಕಟ್ಟುತ್ತದೆ. ಎಮ್ಮೆಯಂತಾದ ಹಾಸಿಗೆಗಳನ್ನು ವಾರ್ಡನ್ ನೋಡಿ ಹಾಗೆಯೇ ಹಿಂದೆ ಕಳಿಸಿದ. ಚಾವಡಿಯಲ್ಲಿ ಮಳೆಗಾಲವಿಡೀ ಹತ್ತಿ ಬಿಚ್ಚಿ ಒಣಗಿಸುವುದೇ ಕೆಲಸವಾಯಿತು, ಆ ಕೆಲಸಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಮರುವರ್ಷ ಇನ್ನೊಂದು ಅವಕಾಶ ಕೊಡುತ್ತೇನೆ, ಒಂದು ಹಾಸಿಗೆ ಒದ್ದೆಯಾಗಿದ್ದರೂ ಕೆಲಸ ಮಂಗಳೂರಿನ ವ್ಯಾಪಾರಿಗೆ ಹೋಗುತ್ತದೆ ಎಂದು ವಾರ್ಡನ್ ಹೇಳಿ ಕಳಿಸಿದ್ದ. ಹೋದರೆ ಗಿರಿಜಕ್ಕನ ತಂಡ ಮತ್ತೆ ನೇಜಿ ನೆಡಲು ಕಂಡವರ ಗದ್ದೆಗೆ ಇಳಿಯಬೇಕು.

ಹೀಗಿರುವಾಗ ಒಂದು ಬೆಳಿಗ್ಗೆ ಬಾಯಮ್ಮ ನಮ್ಮ ಅಂಗಳಕ್ಕೆ ಬಂದು ಅಮ್ಮನೊಡನೆ, “ನಿಮ್ಮ ಲಾಯರನ್ನು ಸ್ವಲ್ಪ ದಿನಕ್ಕೆ ಸಾಲ ಕೊಡಿ” ಎಂದರು.

“ಎಂತಕ್ಕೆ ಬಾಯಮ್ಮ?”

“ಒಂದು ಹಳೇ ಕಾರು ತೆಗೆದುಕೊಳ್ಳುವಾ ಅಂತ. ಮಳೆಗೆ ಮಾಡು ಇರುವಂಥದ್ದು. ಹಳೇ ಕಾರು ಮಾರುವವರು ಸುಳ್ಳು ಹೇಳುತ್ತಾರೆ ಅಲ್ವಾ, ಎದುರು ಮಾತಾಡಲಿಕ್ಕೆ ಒಬ್ಬ ಬೇಕು.”

“ಅವನಾ?” ಅಮ್ಮ ನಕ್ಕರು. “ಕರೆದುಕೊಂಡು ಹೋಗಿ. ಮನೆಯಲ್ಲಿ ಉಪ್ಪು ಜಾಸ್ತಿ ಆಗಿದೆ ಅಂತ ಸಾಧಿಸಲಿಕ್ಕೆ ಅರ್ಧ ಗಂಟೆ ಮಾತಾಡುತ್ತಾನೆ.”

ಡ್ರೈವರನನ್ನಾಗಿ ಸಂಜೀವಣ್ಣನನ್ನು ಗೊತ್ತುಮಾಡಿದ್ದಾಯಿತು. ಯುದ್ಧಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದು ಊರಲ್ಲಿ ಸುಮ್ಮನೆ ಕೂತಿದ್ದ ಮನುಷ್ಯ. ಎಂಜಿನ್ ಪರೀಕ್ಷೆ ಅವರದು. ಆದರೆ ಅವರಿಗೆ ಕೆಲಸ ಎಷ್ಟು ಬೇಕಾಗಿತ್ತೆಂದರೆ, ಅವರ ಕಣ್ಣಿಗೆ ಕೆಟ್ಟ ಎಂಜಿನ್ ಎಂಬುದೇ ಬೀಳುತ್ತಿರಲಿಲ್ಲ. ಬಾನೆಟ್ಟು ಎತ್ತಿದ ಕೂಡಲೇ, “ಫಸ್ಟ್ ಕ್ಲಾಸ್!” ಎನ್ನುವರು.

ಮೊದಲು ನೋಡಿದ್ದು ಉಡುಪಿಯ ಡಾಕ್ಟರೊಬ್ಬರ ಕಾರು. ಗುಂಡುಗುಂಡಾದ, ಕಪ್ಪು ಬಣ್ಣದ, ಇಂಗ್ಲೆಂಡಿನಿಂದ ಬಂದ ಪುಟ್ಟ ಗಾಡಿ. ನಾನು ತಯಾರಾಗಿಯೇ ಹೋಗಿದ್ದೆ. ಟಯರು ಸವೆದಿದೆ, ಬಾಗಿಲು ತೂಗುತ್ತದೆ, ಇಷ್ಟು ಒಳ್ಳೆಯ ಕಾರಾದರೆ ತಾವು ಯಾಕೆ ಮಾರುತ್ತೀರಿ, ಮಾರುವುದೇ ಆದರೆ ಇಷ್ಟು ಒಳ್ಳೆಯದು ಎಂದು ಯಾಕೆ ಹೇಳುತ್ತೀರಿ ಎಂದು ಒಂದರ ಹಿಂದೆ ಒಂದು ಪ್ರಶ್ನೆ ಹಾಕಿದೆ. ಡಾಕ್ಟರರ ಮುಖ ಕೆಂಪಗಾಗುತ್ತಾ ಹೋಯಿತು. ಅಷ್ಟರಲ್ಲಿ ಬಾಯಮ್ಮ ಚಪ್ಪಲಿ ಬಿಟ್ಟು ಹಿಂದಿನ ಸೀಟಿನಲ್ಲಿ ಮಲಗಿದ್ದರು. ಮೊಣಕಾಲಿನಿಂದ ಕೆಳಗೆ ಪೂರ್ತಿ ಕಿಟಕಿಯ ಹೊರಗೆ.

“ಏನಮ್ಮ ಇದು?” ಎಂದರು ಡಾಕ್ಟರು.

“ಸೀಟು ತೆಗೆದರೂ ಆಗಲಿಕ್ಕಿಲ್ಲ” ಎಂದಿತು ಒಳಗಿನ ಧ್ವನಿ. “ಇದರಲ್ಲಿ ಹಾಸಿಗೆ ಕೂತುಕೊಂಡು ಹೋಗಬೇಕು.”

ಡಾಕ್ಟರು ಕಾರನ್ನು ಮಾರುವುದೇ ಇಲ್ಲವೆಂದು ಹೇಳಿ ಶೆಡ್ಡಿನ ಬಾಗಿಲು ಹಾಕಿಕೊಂಡರು. ದಾರಿಯಲ್ಲಿ ಬಾಯಮ್ಮ ನನ್ನ ಕಡೆ ತಿರುಗಿ, “ಮಗಾ, ನಿನ್ನನ್ನು ಬೆಲೆ ಇಳಿಸಲಿಕ್ಕೆ ಕರೆದುಕೊಂಡು ಬಂದದ್ದು. ಕಾರನ್ನೇ ಇಲ್ಲದ ಹಾಗೆ ಮಾಡಲಿಕ್ಕೆ ಅಲ್ಲ ಮಾರಾಯ” ಎಂದರು. ನಿಮಗೂ ಅದು ಬೇಡವಾಗಿತ್ತಲ್ಲ ಎಂದೆ. “ಬೇಡ ಅಂತ ನಾನು ಹೇಳಬೇಕು. ಅವರು ಹೇಳಬಾರದು.”

ಎರಡನೆಯದು ಕಾಪುವಿನಲ್ಲೇ ಸಿಕ್ಕಿತು. ಮೀನಿನ ವ್ಯಾಪಾರಿಯೊಬ್ಬರ ವ್ಯಾನು. ಹಿಂದೆ ತಗಡಿನ ಡಬ್ಬಿ, ಎರಡು ರೆಕ್ಕೆಯ ಬಾಗಿಲು, ಉದ್ದವೂ ಸರಿ, ಮಾಡೂ ಭದ್ರ. ಸಂಜೀವಣ್ಣ ಎಂದಿನಂತೆ ಫಸ್ಟ್ ಕ್ಲಾಸ್ ಎಂದರು. ಈ ಸಲ ನಾನೂ ಗಾಡಿಯ ಪರವಾಗಿಯೇ ವಾದಿಸಿದೆ. ವಾಸನೆ ಶಾಶ್ವತವಲ್ಲ, ಸೋಡಾ ಹಾಕಿ ತೊಳೆದು ಬಿಸಿಲಿಗೆ ಇಟ್ಟರೆ ಹೋಗುತ್ತದೆ, ಕಾಪುವಿನ ಜನರ ಮೂಗಿಗೆ ಮೀನಿನ ವಾಸನೆ ಹೊಸದೂ ಅಲ್ಲ ಎಂದೆಲ್ಲ. ಬಾಯಮ್ಮ ಒಳಗೆ ಮಲಗಿದರು. ಮಲಗಿದಷ್ಟೇ ಬೇಗ ಎದ್ದರು.

“ಮೀನು ಊಟಕ್ಕೆ ಆಗಬಹುದು. ಮದುವೆಯಾದ ಮೊದಲ ದಿನವೇ ಗಂಡ ಹೆಂಡತಿಯ ನಡುವೆ ಬಂಗುಡೆ ಮಲಗುವುದು ಬೇಡ.”

ಹೀಗೆ ಬೇಸಿಗೆ ಕಳೆಯುತ್ತಾ ಬಂತು. ಒಂದು ಅಮೆರಿಕನ್ ಕಾರು ದೋಣಿಯಷ್ಟು ಉದ್ದವಿತ್ತು, ಆದರೆ ಅದು ಕುಡಿಯುವ ಪೆಟ್ರೋಲಿಗೆ ಬಾಯಮ್ಮ ಮನೆ ಮಾರಬೇಕಿತ್ತು. ಒಂದು ಜೀಪಿಗೆ ಎಲ್ಲವೂ ಇತ್ತು, ಮಾಡು ಒಂದು ಬಿಟ್ಟು. ಪಡುವಣದಲ್ಲಿ ಮೋಡ ಕಾಣಿಸಿಕೊಳ್ಳುವ ಹೊತ್ತಿಗೆ ಸಂಜೀವಣ್ಣ ಸುದ್ದಿ ತಂದರು: ಕಾರ್ಕಳದ ಅಕ್ಕಿ ಮಿಲ್ಲಿನ ಧಣಿಯ ಹತ್ತಿರ ಒಂದು ಮಿಲಿಟರಿ ಗಾಡಿ ಉಂಟು, ಹೆಚ್ಚುಕಡಿಮೆ ಸುಮ್ಮನೆ ಕೊಡುತ್ತಾರೆ.

ಸುಮ್ಮನೆ ಯಾಕೆ ಕೊಡುತ್ತಾರೆಂಬುದು ಅಲ್ಲಿ ಹೋದ ಮೇಲೆ ಗೊತ್ತಾಯಿತು. ತೌಡಿನ ಗೋಣಿಗಳ ಹಿಂದೆ ಅದು ನಿಂತಿತ್ತು. ಎತ್ತರದ ಚಕ್ರ, ಪೆಟ್ಟಿಗೆಯಂಥ ಮೈ, ಹಿಂದೆ ಅಗಲವಾದ ಜೋಡಿ ಬಾಗಿಲು. ಹಸಿರು ಬಣ್ಣ ಬಳಿದಿದ್ದರೂ ಪಕ್ಕದಲ್ಲಿ ಕೆಂಪು ಶಿಲುಬೆ ಗಾಯದಂತೆ ಮೇಲೆದ್ದು ಕಾಣುತ್ತಿತ್ತು. ಯುದ್ಧ ಮುಗಿದ ಮೇಲೆ ಸರಕಾರ ಹರಾಜು ಹಾಕಿದ ಆಂಬುಲೆನ್ಸು. ಧಣಿ ತೌಡು ಸಾಗಿಸಲು ತಂದಿದ್ದರು. ಅದರಲ್ಲಿ ಎಷ್ಟು ಸಿಪಾಯಿಗಳು ಸತ್ತಿದ್ದಾರೋ ಎಂದು ಮಿಲ್ಲಿನ ಆಳುಗಳು ಹತ್ತಲೇ ಇಲ್ಲವಂತೆ.

ಸಂಜೀವಣ್ಣ ಬಾನೆಟ್ಟು ಎತ್ತಿದರು. ಮೊದಲ ಬಾರಿಗೆ ಫಸ್ಟ್ ಕ್ಲಾಸ್ ಎನ್ನಲಿಲ್ಲ. “ಎಂಜಿನ್ ಒಳ್ಳೆಯದುಂಟು ಬಾಯಮ್ಮ, ಆದರೆ...” ಎಂದು ನಿಲ್ಲಿಸಿದರು. ಬಾಯಮ್ಮ ಚಪ್ಪಲಿ ಬಿಟ್ಟು ಒಳಗೆ ಹತ್ತಿದರು. ಎರಡೂ ಬದಿಯಲ್ಲಿ, ಕೆಳಗೊಂದು ಮೇಲೊಂದರಂತೆ ಕಬ್ಬಿಣದ ಚೌಕಟ್ಟುಗಳಿದ್ದವು, ಗಾಯಾಳುಗಳ ಸ್ಟ್ರೆಚರ್ ಇಡಲು. ಕೆಳಗಿನದರ ಮೇಲೆ ಹಲಗೆ ಹಾಕಿಸಿ ಮಲಗಿದರು. ತಲೆಯ ತುರುಬಿನಿಂದ ಹಿಮ್ಮಡಿಯವರೆಗೆ ಪೂರ್ತಿ ಒಳಗೆ. ಇನ್ನೂ ಒಂದು ಗೇಣು ಉಳಿದಿತ್ತು. ನಮಗೆ ಕಂಡದ್ದು ಅವರ ಪಾದ ಮಾತ್ರ. ಪಾದದ ಬೆರಳುಗಳು ಸಂತೋಷದಿಂದ ಆಡುತ್ತಿದ್ದವು.

“ಮಗಾ, ಇವರು ಇದನ್ನು ಹಾಸಿಗೆಗೇ ಮಾಡಿದ್ದು. ಯುದ್ಧ ನಡುವೆ ಬಂತು ಅಷ್ಟೇ.”

ನಾನು ಧಣಿಗಳೊಡನೆ ವಾದಕ್ಕೆ ನಿಂತೆ. ದೆವ್ವಗಳಿರುವ ಗಾಡಿಗೆ ಪೂರ್ತಿ ಬೆಲೆ ಕೇಳುವುದು ನ್ಯಾಯವಲ್ಲ, ದೆವ್ವಗಳಿಲ್ಲವೆಂದು ನೀವು ಹೇಳುವುದಾದರೆ ನೀವೇ ಯಾಕೆ ಓಡಿಸುವುದಿಲ್ಲ? ಧಣಿ ನಕ್ಕು, ಕೇಳಿದ್ದಕ್ಕಿಂತಲೂ ಇಳಿಸಿ ಕೊಟ್ಟರು. ಹೊರಡುವಾಗ ಬಾಯಮ್ಮ ಮುಂದಿನ ಸೀಟಿನಲ್ಲಿ ಕೂತು, “ಲಾಯರ್ರೇ, ನೀವು ಹಿಂದೆ ಮಲಗಿಕೊಳ್ಳಿ, ಜಾಗ ಉಂಟು” ಎಂದರು. ಮುಂದೆ ಗಾಳಿ ಚೆನ್ನಾಗಿದೆ ಎಂದು ನಾನು ಸಂಜೀವಣ್ಣನ ಪಕ್ಕಕ್ಕೆ ಒತ್ತಿಕೊಂಡೆ. ದೆವ್ವ ಭೂತಗಳಲ್ಲಿ ನನಗೆ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಗಾಳಿ ಮುಂದೆಯೇ ಚೆನ್ನಾಗಿತ್ತು. ಬೆಳ್ಮಣ್ಣಿನವರೆಗೂ ಬಾಯಮ್ಮ ನಗುತ್ತಲೇ ಇದ್ದರು.

ಊರಿಗೆ ಬಂದ ಮೇಲೆ ನಗು ನಿಂತಿತು. ಪಾದ್ರಿಗಳು ಗಾಡಿಗೆ ತೀರ್ಥ ಚಿಮುಕಿಸಿದರು. ಗಿರಿಜಕ್ಕ ಕುಂಕುಮ ಹಚ್ಚಿ ನಾಲ್ಕು ಚಕ್ರದ ಕೆಳಗೂ ಲಿಂಬೆಹಣ್ಣು ಇಟ್ಟರು. ಬಾಯಮ್ಮ ಎರಡಕ್ಕೂ ಅಡ್ಡಿ ಹೇಳಲಿಲ್ಲ. “ಎಂಜಿನ್ನಿಗೆ ನೀರು, ಚಕ್ರಕ್ಕೆ ಲಿಂಬೆ, ಪಾನಕ ಆಯಿತು” ಎಂದರು. ಆದರೆ ಮಾತು ಹರಡುವುದಕ್ಕೆ ತೀರ್ಥವೂ ಅಡ್ಡಿಯಲ್ಲ, ಲಿಂಬೆಯೂ ಅಡ್ಡಿಯಲ್ಲ. ಹೆಣ ಸಾಗಿಸಿದ ಗಾಡಿಯಲ್ಲಿ ಬಾಯಮ್ಮ ಹಾಸಿಗೆ ಸಾಗಿಸುತ್ತಾರಂತೆ ಎಂದು ಪಡುಬಿದ್ರೆಯವರೆಗೂ ಹೋಯಿತು. ಎಲ್ಲೂರಿನ ಗುತ್ತಿನ ಮನೆಯಲ್ಲಿ ಮಗಳ ಮದುವೆ. ಹಾಸಿಗೆ ಹೊಲಿದು ತಯಾರಾಗಿತ್ತು. ಅಲ್ಲಿನ ಯಜಮಾನತಿ, ಹಾಸಿಗೆ ಬೇಡ ಎಂದು ಹೇಳಿ ಕಳಿಸಿದರು. ಸುತ್ತಮುತ್ತಲಿನ ದೊಡ್ಡ ಮನೆಗಳೆಲ್ಲ ಏನು ಮಾಡಬೇಕೆಂದು ನೋಡುವುದು ಆ ಮನೆಯನ್ನೇ. ಅಲ್ಲಿ ಬೇಡವಾದದ್ದು ಬೇರೆಲ್ಲೂ ಬೇಕಾಗುವುದಿಲ್ಲ. ಹಾಸ್ಟೆಲಿನ ಕೆಲಸ ವರ್ಷಕ್ಕೊಮ್ಮೆ. ಉಳಿದ ತಿಂಗಳು ಚಾವಡಿಯವರ ಒಲೆ ಉರಿಯುವುದು ಮದುವೆಗಳಿಂದ. ಹಾಸ್ಟೆಲನ್ನು ಉಳಿಸಲು ತಂದ ಗಾಡಿ ಮದುವೆಗಳನ್ನು ತಿನ್ನುವ ಹಾಗೆ ಕಂಡಿತು.

“ನೀನು ಹೋಗಿ ಮಾತಾಡು” ಎಂದರು ಬಾಯಮ್ಮ. ನಾನು ಎಲ್ಲೂರಿಗೆ ಹೋದೆ. ಯಜಮಾನತಿ ಎಳನೀರು ಕೊಟ್ಟು ಕೂರಿಸಿ, ನನ್ನ ಮಾತನ್ನು ಕೊನೆಯವರೆಗೂ ಕೇಳಿದರು. ಆಂಬುಲೆನ್ಸಿನಲ್ಲಿ ಹೋಗುವುದು ಸತ್ತವರಲ್ಲ, ಬದುಕಬೇಕಾದವರು ಎಂದೆ. ಹಾಗೆ ನೋಡಿದರೆ ಮನುಷ್ಯ ಸಾಯುವುದು ಹೆಚ್ಚಾಗಿ ಮನೆಯೊಳಗೆ, ಹಾಗೆಂದು ಮನೆಯಲ್ಲಿ ಮದುವೆ ಮಾಡುವುದನ್ನು ಯಾರೂ ಬಿಟ್ಟಿಲ್ಲ ಎಂದೆ. ಅವರು ತಲೆಯಾಡಿಸಿದರು.

“ನೀವು ಹೇಳಿದ್ದೆಲ್ಲ ಸರಿ ಉಂಟು. ಎದುರು ಹೇಳಲಿಕ್ಕೆ ನನಗೆ ಒಂದು ಮಾತೂ ಇಲ್ಲ.”

“ಹಾಗಾದರೆ ಹಾಸಿಗೆ ಕಳಿಸಬಹುದಲ್ಲ?”

“ಬೇಡ.”

ಚರ್ಚಾಸ್ಪರ್ಧೆಗಳಲ್ಲಿ ಇಂಥ ತೀರ್ಪುಗಾರರು ಇರುವುದಿಲ್ಲ. ಹಿಂದೆ ಬಂದು ವರದಿ ಒಪ್ಪಿಸಿದಾಗ ಬಾಯಮ್ಮ ದಬ್ಬಣವನ್ನು ತುರುಬಿಗೆ ಸಿಕ್ಕಿಸಿಕೊಂಡರು. “ಅವರದ್ದು ತಪ್ಪಲ್ಲ. ನೀನು ಗಾಡಿ ಒಳ್ಳೆಯದು ಅಂತ ಬಾಯಲ್ಲಿ ಹೇಳಿದ್ದು. ಬಾಯಲ್ಲಿ ಹೇಳಿದ ಮಂಚಕ್ಕೆ ನಾನೂ ಹಾಸಿಗೆ ಹೊಲಿಯುವುದಿಲ್ಲ” ಎಂದರು.

ಮಾರನೆಯ ದಿನ ಊಟ ಮುಗಿಸಿ ಗಾಡಿಯಲ್ಲಿ ತಮ್ಮದೇ ಹಳೆಯ ಹಾಸಿಗೆಯನ್ನೂ ದಿಂಬನ್ನೂ ಹಾಕಿಸಿಕೊಂಡರು. ಕಟಪಾಡಿ ಜಂಕ್ಷನ್ನಿನಲ್ಲಿ, ಎಲ್ಲ ಕಡೆಯ ಬಸ್ಸುಗಳು ಬಂದು ನಿಲ್ಲುವಲ್ಲಿ, ಆಲದ ಮರದ ನೆರಳಿಗೆ ಗಾಡಿ ನಿಲ್ಲಿಸಲು ಹೇಳಿದರು. ಹಿಂದಿನ ಬಾಗಿಲುಗಳನ್ನು ರಸ್ತೆಯ ಕಡೆಗೆ ಹಾರುಹೊಡೆದು ತೆರೆಸಿದರು. ಚಪ್ಪಲಿಗಳನ್ನು ಕೆಳಗೆ, ಎಲ್ಲರಿಗೂ ಕಾಣುವಂತೆ ಜೋಡಿಸಿಟ್ಟರು. ಒಳಗೆ ಹೋಗಿ ಮಲಗಿದರು.

ನಾಟಕ ಮಾಡುತ್ತಾರೆಂದು ನಾನು ಎಣಿಸಿದ್ದೆ. ಅಲ್ಲ, ಅವರಿಗೆ ನಿಜವಾಗಿಯೂ ನಿದ್ರೆ ಬಂತು. ಬಸ್ಸಿಗೆ ಕಾಯುವವರು ಒಬ್ಬೊಬ್ಬರಾಗಿ ಬಂದು ಇಣುಕಿದರು. ಅಷ್ಟರಲ್ಲಿ ಗೊರಕೆ ಶುರುವಾಯಿತು. ಅವರ ಹಳೆಯ ವೈರಿ ಕಂಡಕ್ಟರು ಬಸ್ಸಿನಿಂದ ಇಳಿದು ಬಂದು, “ಜೀವ ಉಂಟಾ?” ಎಂದು ನನ್ನನ್ನು ಕೇಳಿದ. ಗೊರಕೆಯೇ ಉತ್ತರ ಕೊಟ್ಟಿತು. ಅವನು ರೈಟ್ ಹೇಳುವುದನ್ನು ಮರೆತು ನಿಂತಿದ್ದರಿಂದ ಶಿರ್ವದ ಬಸ್ಸು ಹೊರಡಲಿಲ್ಲ. ಬಸ್ಸು ಹೊರಡದ್ದರಿಂದ ಒಳಗಿದ್ದವರೂ ಇಳಿದು ಬಂದರು. ಎಲ್ಲೂರಿಗೆ ಹೋಗುವವರೂ ಅವರಲ್ಲಿದ್ದರು.

ಸಂಜೆಯ ಬಿಸಿಲು ಒಳಗೆ ಬಿದ್ದಾಗ ಬಾಯಮ್ಮ ಎದ್ದು ಕೂತರು. ತುರುಬು ಕಟ್ಟಿಕೊಂಡು, ನೆರೆದ ಜನರನ್ನು ನೋಡಿ ತುಳುವಿನಲ್ಲಿ ಹೇಳಿದ್ದನ್ನು ಕನ್ನಡಿಸಿದರೆ ಹೀಗೆ: “ಸಿಪಾಯಿ ಯಾರೂ ಬರಲಿಲ್ಲ. ಬಂದಿದ್ದರೆ ಜಾಗ ಇತ್ತು. ಸೆಕೆ ಮಾತ್ರ ಸ್ವಲ್ಪ ಉಂಟು.” ಕೆಳಗಿಳಿದು ಚಪ್ಪಲಿ ಹಾಕಿಕೊಂಡು ಕಂಡಕ್ಟರನಿಗೆ, “ನಿನ್ನ ಬಸ್ಸಿನಲ್ಲಿ ಇಷ್ಟು ಒಳ್ಳೆಯ ನಿದ್ರೆ ಯಾರಿಗಾದರೂ ಬಂದದ್ದುಂಟಾ?” ಎಂದು ಕೇಳಿದರು.

ಮರುದಿನ ಎಲ್ಲೂರಿನಿಂದ ಆಳು ಬಂದ. ಹಾಸಿಗೆ ಬರಲಿ, ಆದರೆ ಗಾಡಿ ಮನೆಯ ತಿರುವಿನಲ್ಲೇ ನಿಲ್ಲಲಿ, ಅಲ್ಲಿಂದ ಅಂಗಳಕ್ಕೆ ತಲೆಯ ಮೇಲೆ ಬರಲಿ. ಇದು ತರ್ಕಕ್ಕೆ ನಿಲ್ಲುವ ಮಾತಲ್ಲ. ಗಾಡಿಯಲ್ಲಿ ದೋಷವಿದ್ದರೆ ತಿರುವಿನವರೆಗೆ ಹತ್ತಿಕೊಂಡದ್ದು ತಿರುವಿನಲ್ಲಿ ಇಳಿದುಹೋಗುತ್ತದೆಯೇ ಎಂದು ನಾನು ಬಾಯಿ ತೆರೆದೆ. ಬಾಯಮ್ಮ ದಬ್ಬಣ ತೋರಿಸಿ, “ಬಾಯಿ ಹೊಲಿಯುತ್ತೇನೆ” ಎಂದರು. ಅಂದಿನಿಂದ ಇದೇ ಪದ್ಧತಿಯಾಯಿತು. ಯಾವ ಮದುವೆ ಮನೆಗೂ ಗಾಡಿ ತಿರುವಿನವರೆಗೆ ಮಾತ್ರ. ಅಲ್ಲಿಂದ ಗಿರಿಜಕ್ಕನ ತಲೆ. ಈಗಿನವರಿಗೆ ಕಾರಣವೂ ಮರೆತುಹೋಗಿದೆ. ಮದುವೆಯ ಹಾಸಿಗೆ ತಿರುವಿನಿಂದ ತಲೆಯ ಮೇಲೆ ಬರುವುದೇ ಶ್ರೇಷ್ಠವೆಂದು ಹೇಳುವವರನ್ನು ನಾನೇ ಕೇಳಿದ್ದೇನೆ.

ಹಾಸ್ಟೆಲಿಗೆ ಹೊರಟ ದಿನ ಮಳೆ ಹೇಗಿತ್ತೆಂದರೆ, ಉಡುಪಿಯ ರಥಬೀದಿಯಲ್ಲಿ ಕೊಡೆ ಹಿಡಿದವನೂ ಹಿಡಿಯದವನೂ ಸಮಾನ. ಚೌಕಟ್ಟುಗಳ ಮೇಲೂ ಕೆಳಗೂ ಹಾಸಿಗೆಗಳು ಒಂದರ ಮೇಲೊಂದು ಮಲಗಿದ್ದವು. ಸಂಜೀವಣ್ಣ ಗಾಡಿಯನ್ನು ಮಣಿಪಾಲದ ಏರಿನಲ್ಲಿ ಮೊದಲನೇ ಗಿಯರಿನಲ್ಲಿ ಏರಿಸಿದರು. ಏರುಹಾದಿಯಿಡೀ ಬಾಯಮ್ಮ ಜಪಮಾಲೆ ಹಿಡಿದಿದ್ದರು; ಒಂದು ಮಣಿಗೂ ಇನ್ನೊಂದಕ್ಕೂ ನಡುವೆ ತಿರುಗಿ ಮಾಡು ಸೋರುತ್ತದೆಯೇ ಎಂದು ನೋಡುತ್ತಿದ್ದರು. ಮಳೆನೀರು ಸಂಜೀವಣ್ಣ ಬಳಿದಿದ್ದ ಹೊಸ ಬಣ್ಣವನ್ನು ತೊಳೆದು, ಹಾಸ್ಟೆಲಿನ ಎದುರು ನಿಲ್ಲುವಾಗ ಕೆಂಪು ಶಿಲುಬೆ ಪೂರ್ತಿ ಹೊರಬಂದಿತ್ತು.

ಹಾಗಾಗಿ ಹುಡುಗರು ಓಡಿ ಬಂದದ್ದು ಅವರ ತಪ್ಪಲ್ಲ. ಹೊಸದಾಗಿ ಡಾಕ್ಟರಿಕೆ ಓದಲು ಬಂದವರು, ಆಂಬುಲೆನ್ಸು ಕಂಡದ್ದೇ ತಡ, ಮಳೆಯಲ್ಲೇ ಇಳಿದು ಬಂದರು. ಬಾಗಿಲು ತೆರೆದ ಕೂಡಲೇ ಒಬ್ಬ ಏದುಸಿರು ಬಿಡುತ್ತಾ, “ರೋಗಿ ಎಲ್ಲಿ?” ಎಂದ.

“ರೋಗಿ ಇಲ್ಲ ಮಗಾ, ಹಾಸಿಗೆ ಮಾತ್ರ” ಎಂದರು ಬಾಯಮ್ಮ. “ಬಂದದ್ದು ಬಂದಿರಿ, ಒಂದೊಂದು ಹಿಡಿಯಿರಿ. ಮಡಿಸಬೇಡಿ!”

ವಾರ್ಡನ್ ಪ್ರತಿಯೊಂದಕ್ಕೂ ಕೈ ಒತ್ತಿ ನೋಡಿದ. ಒಂದೂ ಒದ್ದೆಯಾಗಿರಲಿಲ್ಲ. ಒದ್ದೆಯಾಗಿದ್ದವರು ನಾವು ಮಾತ್ರ. ಇಳಿದು ಬರುವಾಗ ಬಾಯಮ್ಮ ಉಡುಪಿಯಲ್ಲಿ ಗಾಡಿ ನಿಲ್ಲಿಸಿ ನಮಗೆಲ್ಲ ಬಿಸಿಬಿಸಿ ಗೋಳಿಬಜೆ ತಿನ್ನಿಸಿದರು. ಗಾಡಿಯ ಬಾನೆಟ್ಟಿಗೂ ಒಂದು ತುಂಡು ಮುಟ್ಟಿಸಿದ್ದನ್ನು ನಾನು ನೋಡಿದೆ. ಕೇಳಿದ್ದಕ್ಕೆ, “ಬಿಸಿ ಉಂಟಾ ನೋಡಿದೆ” ಎಂದರು.

ಆ ಗಾಡಿ ಹತ್ತಿರ ಹತ್ತಿರ ಹತ್ತು ವರ್ಷ ಓಡಿತು. ಕಪಾಟು, ತೊಟ್ಟಿಲು, ಇಗರ್ಜಿಯ ಹಬ್ಬದ ಬ್ಯಾಂಡಿನವರ ದೊಡ್ಡ ಡೋಲು, ಒಮ್ಮೆ ಯಾರದೋ ಹಾರ್ಮೋನಿಯಂ, ಹೀಗೆ ಮಲಗಿಕೊಂಡು ಹೋಗಬೇಕಾದದ್ದನ್ನೆಲ್ಲ ಸಾಗಿಸಿತು. ಆಸ್ಪತ್ರೆಗೆ ಯಾರನ್ನಾದರೂ ಒಯ್ಯಬೇಕೆಂದು ಯಾರೂ ಕೇಳಲಿಲ್ಲ. ಜನ ಅದು ಏನಾಗಿತ್ತೆಂಬುದನ್ನೇ ಮರೆತಿದ್ದರು. ಸಂಜೀವಣ್ಣ ಬೇಸಿಗೆಗೊಮ್ಮೆ ಬಣ್ಣ ಬಳಿಯುತ್ತಿದ್ದರು, ಶಿಲುಬೆ ಮಳೆಗಾಲಕ್ಕೊಮ್ಮೆ ಹೊರಗೆ ಬರುತ್ತಿತ್ತು.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಬಾಯಮ್ಮ ತಮ್ಮ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ. ಭಾನುವಾರವಾದ್ದರಿಂದ ನಾನು ಊರಲ್ಲಿದ್ದೆ. ಗದ್ದೆಯ ಹುಣಿಯ ಮೇಲೆ ಗಾಡಿ ಬರುವುದಿಲ್ಲ. ಗಿರಿಜಕ್ಕ ಯಾರನ್ನೂ ಕೇಳದೆ ಒಳಗಿನಿಂದ ಹೊಸ ಹಾಸಿಗೆಯೊಂದನ್ನು ಹಲಗೆಯ ಮೇಲೆ ಹಾಸಿ, ಬಾಯಮ್ಮನನ್ನು ಅದರ ಮೇಲೆ ಮಲಗಿಸಿ, ಉ‍ಳಿದ ಹೆಂಗಸರೊಡನೆ ಹೆಗಲಿಗೆ ಎತ್ತಿಕೊಂಡರು. ಎಷ್ಟೋ ಹಾಸಿಗೆಗಳನ್ನು ಹೊತ್ತ ಹುಣಿ ಅದು. ಒಬ್ಬರ ಕಾಲೂ ಜಾರಲಿಲ್ಲ. ನಾನು ಪಕ್ಕದಲ್ಲಿ ಕೊಡೆ ಹಿಡಿದು ಗದ್ದೆಯ ಕೆಸರಿನಲ್ಲಿ ಮೊಣಕಾಲುದ್ದ ಹೂತುಕೊಂಡು ನಡೆದೆ. “ಕೊಡೆ ಹಾಸಿಗೆಗೆ ಹಿಡಿ” ಎಂದರು ಬಾಯಮ್ಮ, “ನಾನು ಒಣಗುತ್ತೇನೆ.”

ರಸ್ತೆಯಲ್ಲಿ ಸಂಜೀವಣ್ಣ ನಿಲ್ಲಿಸಿದ್ದ ಗಾಡಿಯ ಕೆಳಗಿನ ಚೌಕಟ್ಟಿನಲ್ಲಿ ಅವರನ್ನು ಇಟ್ಟರು. ನಾನು ಪಕ್ಕದಲ್ಲಿ ನೆಲಕ್ಕೆ ಕೂತೆ. ಆ ಗಾಡಿಯ ಹಿಂಭಾಗದಲ್ಲಿ ನಾನು ಕೂತದ್ದು ಅದೇ ಮೊದಲು. ಅದನ್ನೂ ಅವರು ಗಮನಿಸಿದರು. “ಇವತ್ತು ಗಾಳಿ ಹಿಂದೆ ಉಂಟಾ ಲಾಯರ್ರೇ?”

ಕಟಪಾಡಿ ದಾಟಿತು, ಉಡುಪಿ ದಾಟಿತು. ರಸ್ತೆಯ ಒಂದೊಂದು ಹೊಂಡಕ್ಕೂ ಅವರು ತುಟಿ ಕಚ್ಚುತ್ತಿದ್ದರು. ಮಣಿಪಾಲದ ಏರು ಶುರುವಾದಾಗ ನನ್ನ ಕೈ ಹಿಡಿದೆಳೆದರು. ಏನೋ ಕೊನೆಯ ಮಾತು ಹೇಳುತ್ತಾರೆಂದು ನಾನು ಹೆದರಿ ಬಗ್ಗಿದೆ.

“ಈ ಬದಿಯ ಸ್ಪ್ರಿಂಗ್ ಸರಿ ಇಲ್ಲ” ಎಂದರು. “ಮೊದಲಿನಿಂದಲೂ ಸರಿ ಇರಲಿಲ್ಲ ಅಂತ ಕಾಣುತ್ತದೆ.”

“ಕಾರ್ಕಳದಲ್ಲಿ ನೀವೇ ಮಲಗಿ ನೋಡಿದ್ದಲ್ಲವಾ ಬಾಯಮ್ಮ? ಕಟಪಾಡಿಯಲ್ಲಿ ಗೊರಕೆ ಕೂಡ ಹೊಡೆದಿರಿ.”

“ನಿಂತ ಗಾಡಿಯಲ್ಲಿ ಮಲಗಿದ್ದು ಮಾರಾಯ. ಓಡುವಾಗ ಮಲಗಬೇಕಿತ್ತು.” ಸ್ವಲ್ಪ ಸುಧಾರಿಸಿಕೊಂಡು, “ಅಷ್ಟು ವಾದ ಮಾಡುವವ ನೀನು, ಆಗ ಯಾಕೆ ಹೇಳಲಿಲ್ಲ?” ಎಂದರು.

“ತೆಗೆದುಕೊಂಡದ್ದು ಹಾಸಿಗೆ ಸಾಗಿಸಲಿಕ್ಕೆ. ಹಾಸಿಗೆಗೆ ನೋಯುವುದಿಲ್ಲವಲ್ಲ.”

ಅವರು ಕಣ್ಣು ಮುಚ್ಚಿ ಅದನ್ನು ತೂಗಿ ನೋಡಿದರು. “ವಾದ ಒಳ್ಳೆಯದುಂಟು” ಎಂದರು. ಆಮೇಲೆ ಕೈಯನ್ನು ಬೆನ್ನಿನ ಅಡಿಗೆ ತೂರಿಸಿ ಹಾಸಿಗೆಯನ್ನು ಒತ್ತಿದರು. “ಇದು ಯಾವ ಮದುವೆಗೆ ಹೊಲಿದದ್ದು? ಗಿರಿಜ ಮದುವೆಯ ಹಾಸಿಗೆ ತೆಗೆದಿದ್ದಾಳೆ. ಇನ್ನು ಇದನ್ನು ಕೊಡಲಿಕ್ಕಾಗುವುದಿಲ್ಲ, ಹೇಳು ಅವಳಿಗೆ. ಬೇರೆ ಹೊಲಿಯಬೇಕು.”

ಗಾಡಿ ಆಸ್ಪತ್ರೆಯ ಎದುರು ನಿಂತಿತು. ಮಳೆಗೆ ಶಿಲುಬೆ ಎದ್ದಿರಬೇಕು, ಬಿಳಿ ಕೋಟಿನ ಹುಡುಗರು ಓಡಿ ಬಂದರು. ಆ ಹುಡುಗರಲ್ಲ, ಬೇರೆ ಹುಡುಗರು. ಆದರೆ ಅದೇ ಅವಸರ. ಒಬ್ಬ ಬಾಗಿಲು ತೆರೆದು, ಒಳಗಿನ ಹಾಸಿಗೆ, ದಿಂಬು, ಕೆಸರಿನಲ್ಲಿ ಮುಳುಗೆದ್ದ ನಾನು, ಇವನ್ನೆಲ್ಲ ನೋಡಿ ಗಲಿಬಿಲಿಗೊಂಡು ಕೇಳಿದ:

“ರೋಗಿ ಎಲ್ಲಿ?”

ಬಾಯಮ್ಮ ತಲೆ ಎತ್ತಿದರು.

“ಈ ಸಲ ಉಂಟು ಮಗಾ” ಎಂದರು. “ಹಿಡಿ. ಮಡಿಸಬೇಡ.”